ಅಕ್ಕನಿಗೊಂದು ಮಡಿಸುಮಣೆ

ತಿಮ್ಮಣ್ಣನನ್ನು ಬಡಗಿ ಅಂದರೆ ಅವನಿಗೆ ಸಿಟ್ಟು ಬರುತ್ತದೆ. ಹೊಸೂರಿನ ಕಾರ್ಖಾನೆಯೊಂದರಲ್ಲಿ ಇಪ್ಪತ್ತಾರು ವರ್ಷ ಯಂತ್ರಗಳಿಗೆ ಮರದ ಪೆಟ್ಟಿಗೆ ಹೊಡೆದವನು ಅವನು. ಲಾರಿ ಎಷ್ಟೇ ಕುಲುಕಲಿ, ಒಳಗಿನ ಯಂತ್ರಕ್ಕೆ ನೋವಾಗದ ಹಾಗೆ ಕೂರಿಸುವುದೇ ತನ್ನ ಕೆಲಸ ಅನ್ನುತ್ತಿದ್ದ. ಅವನ ಊರಿನ ನನ್ನ ಹಾಗೇ ಅವನೂ ಕೈಕೆಲಸವನ್ನು ಗುರುವಿಲ್ಲದೆ ಕಲಿತವನು. ಕಣ್ಣಲ್ಲಿ ನೋಡಿದ್ದನ್ನು ಕೈಗೆ ಇಳಿಸಿಕೊಳ್ಳುತ್ತಾನೆ. ಅಂಥ ಕೈ ಕಂಡರೆ ನನಗೆ ಒಂದು ತೂಕ ಹೆಚ್ಚು ಮರ್ಯಾದೆ.

ಅವನ ಅಕ್ಕ ಅಂಜಮ್ಮ, ಎಪ್ಪತ್ತು ದಾಟಿದವಳು. ನಮ್ಮ ತಳಿ ಊರಿನ ಕಡೆಯಿಂದ ಬೆಳಗಿನ ಬಸ್ಸಿಗೆ ಹೂವಿನ ಬುಟ್ಟಿ ಹತ್ತಿಸಿ, ಹೊಸೂರಿನ ಬಸ್‌ಸ್ಟ್ಯಾಂಡ್ ಪಕ್ಕ ಗೋಣಿತಾಟು ಹಾಸಿ ಕೂರುವುದು ಮೂವತ್ತು ವರ್ಷದ ರೂಢಿ. ಹೋದ ವರ್ಷದಿಂದ ಮಂಡಿ ಮಾತು ಕೇಳದಾಯಿತು. ಕೂರಲು ಪಕ್ಕದ ಕಮಲಮ್ಮ ರಟ್ಟೆ ಹಿಡಿಯಬೇಕು, ಏಳಲು ಇನ್ನೊಬ್ಬರು ಸೊಂಟ ಹಿಡಿಯಬೇಕು. ಪ್ಲಾಸ್ಟಿಕ್ ಕುರ್ಚಿ ತರೋಣವೆಂದರೆ ಬಸ್ಸಿನಲ್ಲಿ ಬುಟ್ಟಿಗೇ ಜಾಗವಿಲ್ಲ. ಎದುರಂಗಡಿಯವನು ರಾತ್ರಿ ಅದನ್ನು ಇಟ್ಟುಕೊಳ್ಳಲು ಒಪ್ಪಲಿಲ್ಲ. ಕಾರ್ಖಾನೆ ಕೆಲಸಕ್ಕೆ ಹೋಗುವ ಸೊಸೆ ರಮ್ಯ, ಮನೆಯಲ್ಲಿರಿ ಅತ್ತೆ ಎಂದು ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು.

"ಮನೇಲಿ ಕುಂತ್ರೆ ಮಂಡಿ ಹೊಸದಾಯ್ತದಾ?" ಅಂದಳು ಅಂಜಮ್ಮ. ಆದರೂ ಒಳಗೆ ಸೋತಿದ್ದಳು. ಈ ಆಯುಧಪೂಜೆ ತನಕ ನೋಡುತ್ತೇನೆ, ಆಗದಿದ್ದರೆ ಜಾಗವನ್ನು ಬೇರೆಯವರಿಗೆ ಬಿಡುತ್ತೇನೆ ಎಂದು ತಮ್ಮನಿಗೆ ಹೇಳಿದಳು. ಆ ಜಾಗ ಬಿಟ್ಟರೆ ಅಕ್ಕ ಬಾಡಿಹೋಗುತ್ತಾಳೆ ಅನ್ನುವುದು ತಿಮ್ಮಣ್ಣನಿಗೆ ಗೊತ್ತು.

ಕಾಡಂಚಿನಲ್ಲಿ ಲಂಟಾನ ಪೊದೆ ಬೇಕಾದಷ್ಟಿದೆ. ಹೊಲಕ್ಕೆ ನುಗ್ಗುವ ಆ ಮುಳ್ಳುಗಿಡವನ್ನು ಕಡಿದೊಯ್ದರೆ ಬೇಡ ಅನ್ನುವವರಿಲ್ಲ. ಅಕ್ಕನಿಗೊಂದು ಮಡಿಸುಮಣೆ ಮಾಡಲು ತಿಮ್ಮಣ್ಣ ಬಲಿತ ಕಡ್ಡಿ ಆರಿಸಿ, ಬಚ್ಚಲ ಹಂಡೆಯಲ್ಲಿ ಬೇಯಿಸಿ, ಸಿಪ್ಪೆ ಸುಲಿದು, ಬಿಸಿಯಿರುವಾಗಲೇ ಬಗ್ಗಿಸಿದ. ಕಡ್ಡಿಗಳಿಗೆ ದಿನಾ ಬಿಸಿನೀರ ಸ್ನಾನ, ನಮಗೆ ತಣ್ಣೀರು ಎಂದು ಹೆಂಡತಿ ವೆಂಕಟಲಕ್ಷ್ಮಿ ಬೀದಿಗೆಲ್ಲ ಸಾರಿದಳು. ಕತ್ತಾಳೆ ನಾರಿನ ಹುರಿ ಹೊಸೆದು ಕೂರುವ ಹಾಸು ಹೆಣೆದ. ಒಂದು ಮೊಳೆಯೂ ಇಲ್ಲ. ಕತ್ತರಿಯ ಹಾಗೆ ಮಡಿಸಿ ಹೆಗಲಿಗೆ ನೇತುಹಾಕಿಕೊಳ್ಳಬಹುದು. ಹಳೆಯದಾದರೆ ಒಲೆಗೆ ಹಾಕು, ಬೂದಿಯಾಗಿ ಹೊಲ ಸೇರುತ್ತದೆ ಅನ್ನುತ್ತಿದ್ದ. ಅಕ್ಕನ ಮಂಡಿಗೆ ಗೇಣಿಟ್ಟು ಅಳೆದು ಎರಡು ಗೇಣು ಎತ್ತರ ಇಟ್ಟಿದ್ದ.

ಮೊದಲ ದಿನ ಅಂಜಮ್ಮ ಅದರ ಮೇಲೆ ಕಾಲು ಗಂಟೆ ಕೂತಳು. ಆಮೇಲೆ ಕಮಲಮ್ಮನ ಕೈ ಹಿಡಿದು ನೆಲಕ್ಕೇ ಇಳಿದಳು. ಸಂಜೆ ಮಣೆ ವಾಪಸು ಬಂದಾಗ ತಿಮ್ಮಣ್ಣನ ಮುಖ ಕಪ್ಪಿಟ್ಟಿತು. ಹುರಿ ಒತ್ತಿತಾ, ಎತ್ತರ ಹೆಚ್ಚಾಯಿತಾ ಎಂದು ಕೇಳಿದ್ದಕ್ಕೆಲ್ಲ ಅವಳು ಇಲ್ಲವೆಂದು ತಲೆಯಾಡಿಸಿದಳು.

"ಮಣೆ ಚೆನ್ನಾಗೈತೆ ಕಣ್ಲಾ. ಮೇಲೆ ಕುಂತ್ರೆ ಬುಟ್ಟಿ ನನ್ನ ಪಾದದ ಹತ್ರ ಬತ್ತದೆ. ದೇವ್ರ ತಲೆಗೆ ಹೋಗೋ ಹೂವ ಕಾಲತಾವ ಮಡಗಿದ್ರೆ ಯಾವಳು ಕೊಂಡ್ಕೊಂಡಾಳು? ನಂಗೇ ಮನಸ್ಸು ಬರಲಿಲ್ಲ."

ತಿಮ್ಮಣ್ಣ ಹಣೆ ಚಚ್ಚಿಕೊಂಡ. ಮಂಡಿ ಅಳೆದಿದ್ದ, ಬಸ್ಸು ಅಳೆದಿದ್ದ. ಮೂವತ್ತು ವರ್ಷ ಅಕ್ಕನ ಹೂವಿನ ಬುಟ್ಟಿ ನೋಡುತ್ತಲೇ ಬಂದವನು ಹೂವನ್ನೇ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಆಯುಧಪೂಜೆಗೆ ಹನ್ನೆರಡು ದಿನ ಇತ್ತು. ಮತ್ತೆ ಹಂಡೆಗೆ ಬೆಂಕಿ ಹಾಕಿದ. ಮಣೆಯ ಒಂದು ಪಕ್ಕಕ್ಕೆ ಬುಟ್ಟಿ ಕೂರುವಷ್ಟು ಅಗಲದ, ಕಡ್ಡಿ ಬಗ್ಗಿಸಿದ ಬಳೆ ಕಟ್ಟಿ, ಅದಕ್ಕೊಂದು ಸ್ವಂತ ಕಾಲು ಕೊಟ್ಟ. ಬುಟ್ಟಿ ಕೂತವಳ ಮುಂದೆ ಎದೆಯ ಮಟ್ಟಕ್ಕೆ ಬಂತು. ಏಳಬೇಕೆಂದರೆ ಬುಟ್ಟಿ ಸಮೇತ ಅದನ್ನು ಬಾಗಿಲಿನ ಹಾಗೆ ಪಕ್ಕಕ್ಕೆ ತಳ್ಳಬಹುದು. ಎರಡು ಕಡೆಯೂ ಕೈ ಊರಲು ಮೋಟು ಹಿಡಿಕೆ. ಒಂದು ಬಳೆ ಬಗ್ಗಿಸುವಾಗ ಮುರಿಯಿತು, ಇನ್ನೊಂದು ಬುಟ್ಟಿಯ ಭಾರಕ್ಕೆ ಓರೆಯಾಯಿತು. ಮೂರನೆಯದು ನಿಂತಿತು.

ಆಯುಧಪೂಜೆಯ ಹಿಂದಿನ ದಿನ ನಾನೂ ಅವನೂ ಹೊಸೂರಿಗೆ ಹೋಗಿ ಎದುರು ಅಂಗಡಿಯ ಮರೆಯಲ್ಲಿ ನಿಂತೆವು. ಕಾರಿಗೆ, ಲಾರಿಗೆ, ಲೇತ್ ಮಿಷನ್ನಿಗೆ ಸೇವಂತಿಗೆ ಕೊಳ್ಳುವ ಜನ. ಅಂಜಮ್ಮ ಒಬ್ಬರಿಗೆ ಕನ್ನಡ, ಒಬ್ಬರಿಗೆ ತಮಿಳು, ಒಬ್ಬರಿಗೆ ತೆಲುಗು ಆಡುತ್ತ ಎದೆಮಟ್ಟದ ಬುಟ್ಟಿಯಿಂದ ಹೂವೆಳೆದು ಮೊಳ ಹಾಕುತ್ತಿದ್ದಳು. ಒಂಬತ್ತಾಯಿತು, ಹನ್ನೊಂದಾಯಿತು. ಅವಳು ನೆಲಕ್ಕಿಳಿಯಲಿಲ್ಲ.

ಆಮೇಲೆ ನಮ್ಮನ್ನು ಕಂಡಳು. ಬಳೆಯನ್ನು ಪಕ್ಕಕ್ಕೆ ತಳ್ಳಿ, ಹಿಡಿಕೆಗೆ ಕೈಯೂರಿ, ಯಾರನ್ನೂ ಕರೆಯದೆ ಎದ್ದಳು. ತಮ್ಮನನ್ನು ಕೈಬೀಸಿ ಕರೆದು ತನ್ನ ಜಾಗದಲ್ಲಿ ಕೂರಿಸಿ, ಟೀ ಕುಡಿದು ಬರುತ್ತೇನೆ ಎಂದು ನಿಧಾನವಾಗಿ ನಡೆದುಹೋದಳು.

ಕಮಲಮ್ಮ ಹೂವು ಕಟ್ಟುತ್ತಲೇ ಅಂದಳು: "ಒಂದು ವರ್ಷದಿಂದ ನಿಮ್ಮಕ್ಕ ಇಲ್ಲಿ ಒಂದು ಗುಟುಕು ನೀರು ಕುಡ್ದಿಲ್ಲಣ್ಣ. ಕುಡುದ್ರೆ ಏಳ್ಬೇಕಲ್ಲ, ಎಬ್ಬಿಸೋರನ್ನ ಎಷ್ಟು ಸಲ ಕರೆಯಾದು ಅಂತ."

ತಿಮ್ಮಣ್ಣ ಸೇವಂತಿಗೆಯ ಮೇಲೆ ನೀರು ಚಿಮುಕಿಸುತ್ತ ತಲೆ ಬಗ್ಗಿಸಿಕೊಂಡೇ ಇದ್ದ. ಅಷ್ಟರಲ್ಲಿ ಒಬ್ಬಳು ಬಂದು ನಾಲ್ಕು ಮೊಳ ಕೇಳಿದಳು. ಅವನು ಗಂಭೀರವಾಗಿ ಮೊಳಕೈಯಿಂದ ಬೆರಳ ತುದಿಯವರೆಗೆ ಹೂವೆಳೆದು ಅಳೆಯತೊಡಗಿದ.

ಟೀ ಮುಗಿಸಿ ಬಂದ ಅಂಜಮ್ಮ ಹಿಂದೆ ನಿಂತು ನೋಡಿದಳು.

"ಏಳ್ಲಾ ಮೇಲಕ್ಕೆ. ನಿನ್ನ ಗಳದಂಥ ಉದ್ದ ಕೈಯಾಗೆ ಮೊಳ ಹಾಕಿದ್ರೆ ಮಧ್ಯಾಹ್ನಕ್ಕೇ ನನ್ನ ಬುಟ್ಟಿ ಬರಿದಾಯ್ತದೆ."