ಕಿಟಕಿ ಪಕ್ಕದ ಕುರ್ಚಿ

ಬೀದಿಯವರೆಲ್ಲ ಅವನನ್ನು ಕರೆಯುವುದು ‘ಮೊದಲನೇ ಕತ್ತರಿ’ ಎಂದು. ಕರೆಯುವಾಗ ಅವರ ತುಟಿಯಂಚಿನಲ್ಲಿ ನಗು ಇರುತ್ತದೆ. ಅದು ಅವನೊಬ್ಬನನ್ನು ಬಿಟ್ಟು ಎಲ್ಲರಿಗೂ ಕಾಣುತ್ತದೆ. ಅವನದು ಎರಡೇ ಕುರ್ಚಿಯ ಕಟಿಂಗ್ ಶಾಪು. ಕಿಟಕಿ ಪಕ್ಕದ ಕುರ್ಚಿ ಅವನದು, ಗೋಡೆ ಪಕ್ಕದ್ದು ಹೆಂಡತಿಯ ತಮ್ಮನದು.

ಹೊಸ ಗಿರಾಕಿಯ ಕುತ್ತಿಗೆಗೆ ಬಟ್ಟೆ ಸುತ್ತಿದನೆಂದರೆ ಪುರಾಣ ಶುರು. ಹಿಂದೊಮ್ಮೆ ಒಂದು ಪತ್ರಿಕೆ ತನ್ನ ವೆಬ್‌ಸೈಟಿನಲ್ಲಿ ಊರಿನ ಒಳ್ಳೆಯ ಕ್ಷೌರಿಕ ಯಾರೆಂದು ಜನರಿಂದ ಓಟು ಹಾಕಿಸಿತ್ತಂತೆ, ಅದರಲ್ಲಿ ಇವನೇ ಮೊದಲಂತೆ. ಪಾಪ, ಗಿರಾಕಿ ಎದ್ದು ಹೋಗುವ ಹಾಗಿಲ್ಲ, ಅರ್ಧ ತಲೆ ಇವನ ಕೈಯಲ್ಲಿರುತ್ತದೆ. ಕಥೆ ಮುಗಿದ ಮೇಲೆ ಇವನು ಭಾಮೈದನ ಕಡೆ ತಿರುಗಿ “ಏನಪ್ಪಾ?” ಎನ್ನುವನು. ಭಾಮೈದ ಕೈಕೆಲಸದಿಂದ ತಲೆ ಎತ್ತದೆ “ಹೌದು ಭಾವ” ಎನ್ನುವನು.

ಈ ಜಂಬದಿಂದ ಆದ ನಷ್ಟ ಒಂದೇ, ಅದೂ ಅವನ ತಲೆಗೇ. ಮೊದಲನೇ ಕತ್ತರಿಯ ತಲೆಯ ಮೇಲೆ ಎರಡನೇ ಕತ್ತರಿ ಆಡಬಾರದು ಎಂದು ಅವನು ಭಾಮೈದನ ಕೈಗೆ ಎಂದೂ ತಲೆ ಕೊಟ್ಟವನಲ್ಲ. ತಿಂಗಳಿಗೊಮ್ಮೆ ಯಾರಿಗೂ ಹೇಳದೆ ಊರಾಚೆಯ ಯಾವುದೋ ಅಂಗಡಿಗೆ ಹೋಗಿ, ಇಲಿ ಕಡಿದಂಥ ತಲೆ ಹೊತ್ತು ಬರುತ್ತಿದ್ದ.

ಹೀಗಿರುವಾಗ ಅಂಗಡಿಯ ಬೋರ್ಡಿನ ಬಣ್ಣ ಮಾಸಿ, ಹೊಸದಾಗಿ ಬರೆಸುವ ಮಾತು ಬಂತು. ‘ಊರಿಗೇ ಮೊದಲನೇ ಕತ್ತರಿ’ ಎಂಬ ಸಾಲನ್ನು ಈ ಸಲ ದಪ್ಪಕ್ಷರದಲ್ಲಿ ಬರೆಸಬೇಕು ಎಂದ. ಹೆಂಡತಿ ಒಪ್ಪಲಿಲ್ಲ.

“ಪುರಾವೆ ತೋರಿಸಿ. ಇಲ್ಲಾಂದ್ರೆ ಆ ಸಾಲೇ ಬೇಡ. ಜನ ನಗ್ತಾರೆ.”

“ಅಂಗೈ ಹುಣ್ಣಿಗೆ ಕನ್ನಡಿ ಯಾಕೆ?”

“ಗೋಡೆ ತುಂಬ ಕನ್ನಡಿ ಇಟ್ಕೊಂಡಿದ್ದೀರಲ್ಲ, ಒಂದರಲ್ಲಾದ್ರೂ ತೋರಿಸಿ.”

ಪುರಾವೆ ಎಲ್ಲಿಂದ ತರುವುದು? ಪತ್ರಿಕೆ ಮುಚ್ಚಿ ಎಷ್ಟೋ ಕಾಲವಾಗಿತ್ತು. ಹಳೆಯ ವಿಳಾಸ ಒತ್ತಿದರೆ ‘ಈ ಪುಟ ಸಿಗಲಿಲ್ಲ’ ಎಂದು ಬರುತ್ತಿತ್ತು. ಇಷ್ಟು ದಿನ ಸಾಲು ಸಾಲು ಕಥೆ ಹೇಳಿದವನಿಗೆ ಈಗ ಒಂದು ಸಾಲು ಉಳಿಸಿಕೊಳ್ಳುವುದೇ ಕಷ್ಟವಾಯಿತು. ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಕೊನೆಗೆ ಮಗಳಿಗೇ ಮರುಕ ಹುಟ್ಟಿತು. ಬೋರ್ಡ್ ಬರೆಯುವವನು ಬರಬೇಕಾದ ದಿನ ಬೆಳಗ್ಗೆಯೇ ಲ್ಯಾಪ್‌ಟಾಪ್ ತಂದು ಶೇವಿಂಗ್ ಬ್ರಷ್ಷುಗಳ ನಡುವೆ ಜಾಗ ಮಾಡಿ ಇಟ್ಟಳು. ಬ್ರೌಸರಿಗೆ ಒಂದು ಎಕ್ಸ್‌ಟೆನ್ಶನ್ ಹಾಕಿದಳು. ಮೇಲ್ಗಡೆ ಮೂಲೆಯಲ್ಲಿ ಸಣ್ಣ ಗುಂಡಿಯೊಂದು ಬಂದು ಕೂತಿತು.

“ಅಪ್ಪಾ, ಸತ್ತುಹೋದ ಪುಟದ ಮೇಲೆ ಇದನ್ನ ಒತ್ತಿದ್ರೆ, ಹಿಂದೆ ಯಾವಾಗಲೋ ತೆಗೆದಿಟ್ಟ ನಕಲು ತೋರಿಸುತ್ತೆ.”

“ತೆಗೆದಿಟ್ಟವರು ಯಾರು?”

“ಯಂತ್ರ. ಅದು ಸುತ್ತಾಡ್ತಾ ಸಿಕ್ಕಿದ ಪುಟಾನೆಲ್ಲ ಎತ್ತಿಡುತ್ತೆ.”

“ನಮ್ಮ ಬೋಳುತಲೆ ಪೋಸ್ಟ್‌ಮ್ಯಾನ್ ಕೂದಲನ್ನೂ ಹೀಗೇ ಎತ್ತಿಟ್ಟಿದ್ರೆ ಪಾಪ, ಅವನಿಗೆ ವಾಪಸ್ ಕೊಡಬಹುದಿತ್ತು” ಎಂದ.

ಮಗಳು ಗುಂಡಿ ಒತ್ತಿದಳು. ಕ್ಯಾಲೆಂಡರ್ ತೆರೆಯಿತು, ಅದರಲ್ಲಿ ಎರಡೇ ತಾರೀಖಿನ ಮೇಲೆ ನೀಲಿ ಚುಕ್ಕಿ. ಮೊದಲನೆಯದನ್ನು ಒತ್ತಿದಾಗ ಪುಟ ತೆವಳುತ್ತಾ ಬಂತು. ಫೋಟೋ ಇರಬೇಕಾದ ಕಡೆ ಬರೀ ಖಾಲಿ ಚೌಕ, ಕೆಳಗೆ ಅಕ್ಷರ: ‘ಮೊದಲನೇ ಸ್ಥಾನ: ಎರಡು ಕುರ್ಚಿ ಅಂಗಡಿಯ ಕಿಟಕಿ ಪಕ್ಕದ ಕುರ್ಚಿಯವರು.’ ಜನರಿಗೆ ಕ್ಷೌರಿಕರ ಹೆಸರು ಎಲ್ಲಿ ಗೊತ್ತು? ಕುರ್ಚಿ ಗೊತ್ತು.

ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹೆಂಡತಿ ಕನ್ನಡಕ ಏರಿಸಿ ಎರಡು ಸಲ ಓದಿ, “ಸರಿ, ಬರೆಸಿ” ಎಂದಳು.

ಅಲ್ಲಿಗೆ ಬಿಟ್ಟಿದ್ದರೆ ಆಗಿತ್ತು. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಳ್ಳುವ ಜಾತಿ ಅವನು. “ಇನ್ನೊಂದು ಚುಕ್ಕಿ ಒತ್ತಮ್ಮ. ಫೋಟೋ ಸಿಕ್ಕಿದ್ರೆ ಬೋರ್ಡಿಗೇ ಹಾಕಿಸೋಣ.”

“ಸಾಕು ಬಿಡಿ ಭಾವ, ಫೋಟೋ ಯಾಕೆ?” ಎಂದ ಭಾಮೈದ. ಅಷ್ಟರಲ್ಲಿ ಮಗಳು ಒತ್ತಿಯಾಗಿತ್ತು.

ಈ ಸಲ ಚೌಕ ತುಂಬಿತು. ಅದೇ ಅಂಗಡಿ, ಅದೇ ಕನ್ನಡಿ. ಕಿಟಕಿ ಪಕ್ಕದ ಕುರ್ಚಿಯ ಹಿಂದೆ ಕತ್ತರಿ ಹಿಡಿದು ನಿಂತವನು ಭಾಮೈದ. ಗೋಡೆ ಪಕ್ಕದ ಕತ್ತಲಲ್ಲಿ ಕಣ್ಣು ಕಿರಿದು ಮಾಡಿಕೊಂಡು ನಿಂತವನು ಇವನು.

ಆಗ ಎಲ್ಲ ನೆನಪಾಯಿತು. ಆ ವರ್ಷ ಅವನ ಕಣ್ಣಿಗೆ ಪೊರೆ ಬಂದಿತ್ತು. “ನಿಮಗೆ ಬೆಳಕು ಬೇಕು, ಈ ಕಡೆ ಬನ್ನಿ” ಎಂದು ಭಾಮೈದನೇ ಕಿಟಕಿ ಬಿಟ್ಟುಕೊಟ್ಟಿದ್ದ. ಜನ ಓಟು ಹಾಕಿದ್ದು ಅದಕ್ಕೂ ಮುಂಚೆ. ಫಲಿತಾಂಶ ಬಂದಾಗ ಇವನ ಕಣ್ಣಿಗೆ ಆಪರೇಷನ್ನಿನ ಪಟ್ಟಿ. ಯಾರೋ ಗಿರಾಕಿ ಫೋನು ನೋಡಿ ಓದಿ ಹೇಳಿದ್ದ, ಇವನು ಕಿವಿಯಿಂದ ಕೇಳಿ ಗೆದ್ದಿದ್ದ.

ಅವನಿಗೆ ನಾಚಿಕೆಯಿಂದ ಮೈ ಹಿಡಿಯಾಯಿತು.

“ನಿನಗೆ ಗೊತ್ತಿತ್ತೇನೋ?”

“ಗೊತ್ತಿತ್ತು ಭಾವ.”

“ಮತ್ತೆ ಇಷ್ಟು ವರ್ಷ ‘ಹೌದು ಭಾವ, ಹೌದು ಭಾವ’ ಅಂದೆಯಲ್ಲೋ!”

“ಕುರ್ಚಿ ಕೊಟ್ಟಾಗಿತ್ತು. ಅದರ ಬೆನ್ನಿಗೆ ಬಂದಿದ್ದನ್ನ ವಾಪಸ್ ಕೇಳೋಕೆ ಮನಸ್ಸಾಗಲಿಲ್ಲ. ಆಮೇಲೆ, ಆಪರೇಷನ್ ಆಗಿ ನಿಮ್ಮ ಕೈ ನಡುಗ್ತಿತ್ತು. ಆ ಸುದ್ದಿ ಬಂದ ದಿನದಿಂದ ನಿಂತಿತು.”

ಹೊರಗೆ ಏಣಿ ಒರಗಿಸಿದ ಸದ್ದು. ಬೋರ್ಡ್ ಬರೆಯುವವನು ತಲೆ ತೂರಿಸಿ, “ಯಜಮಾನ್ರೇ, ಆ ಸಾಲು ಇರಲಾ, ಅಳಿಸಲಾ?” ಎಂದ.

ಮೊದಲನೇ ಕತ್ತರಿ ಹೆಂಡತಿಯ ಮುಖ ನೋಡಿದ. ಭಾಮೈದನ ಮುಖ ನೋಡುವ ಧೈರ್ಯವಾಗಲಿಲ್ಲ. ನೆಟ್ಟಗೆ ಹೋಗಿ ಗೋಡೆ ಪಕ್ಕದ ಕುರ್ಚಿಯಲ್ಲಿ ಕೂತು, ಬಟ್ಟೆಯನ್ನು ತಾನೇ ಕುತ್ತಿಗೆಗೆ ಸುತ್ತಿಕೊಂಡ.

“ಇರಲಿ ಬಿಡಪ್ಪಾ, ಸುಳ್ಳೇನಲ್ಲ” ಎಂದು ಬಾಗಿಲ ಕಡೆ ಕೂಗಿ, ಭಾಮೈದನ ಮುಂದೆ ತಲೆ ಬಗ್ಗಿಸಿದ.

ಭಾಮೈದ ಬಾಚಣಿಗೆ ಎತ್ತಿಕೊಂಡು ಭಾವನ ತಲೆ ಬಾಚಿದ. ಆಮೇಲೆ ಕತ್ತರಿ ಆಡತೊಡಗಿತು. ಕನ್ನಡಿ ನೋಡುತ್ತ ಕೂತವನಿಗೆ ಹಳೇ ಚಾಳಿ ಬಿಡಲಿಲ್ಲ. “ಎಡಗಡೆ ಏನೋ ಏರುಪೇರಾಗಿದೆಯಲ್ಲೋ?”

“ಅದು ಆಚೆ ಅಂಗಡಿಯವನ ಕೆಲಸ ಭಾವ. ಇಷ್ಟು ವರ್ಷದಿಂದ ನೋಡ್ತಾನೇ ಇದ್ದೀನಿ, ಸರಿ ಮಾಡೋಣ ಅಂದ್ರೆ ನೀವು ಕೂತಿದ್ದೇ ಇವತ್ತು.”