ಚಿಕ್ಕಲಕ್ಷ್ಮಮ್ಮನ ಮಿಷನ್ ಭಾರವಾದದ್ದು

ಕಲ್ಯ ಊರಿನ ಅರ್ಧ ಹೆಣ್ಣುಮಕ್ಕಳ ಮೊದಲ ಲಂಗ ಹೊಲಿದವಳು ಚಿಕ್ಕಲಕ್ಷ್ಮಮ್ಮ. ಈಗ ಅದೇ ಹೆಣ್ಣುಮಕ್ಕಳ ಮದುವೆಯ ರವಿಕೆಗಳೂ ಅವಳ ಕೈಯಲ್ಲೇ ಆಗುತ್ತಿದ್ದವು. ಜಗುಲಿಯ ಮೇಲೆ, ಸಾವನದುರ್ಗದ ಬೆಟ್ಟದ ಕಡೆ ಮುಖ ಮಾಡಿ ಅವಳು ಹೊಲಿಗೆ ಮಿಷನ್ನಿನ ಮುಂದೆ ಕೂತಳೆಂದರೆ ಡೇರಿಗೆ ಹಾಲು ಒಯ್ಯುವವರು ಒಂದು ಮಾತು ಎಸೆಯದೆ ಮುಂದೆ ಹೋಗುತ್ತಿರಲಿಲ್ಲ. ಅವಳೂ ತಲೆಯೆತ್ತದೆ ಮಾತಿಗೆ ಮಾತು ಎಸೆಯುತ್ತಿದ್ದಳು. ಪೆಡಲ್ ಮೇಲಿನ ಕಾಲುಗಳು ಮಾತ್ರ ತಮ್ಮ ಪಾಡಿಗೆ ನಡೆಯುತ್ತಲೇ ಇರುತ್ತಿದ್ದವು.

ಆ ಶ್ರಾವಣದಲ್ಲಿ ಪೆಡಲ್ ಭಾರವಾಯಿತು.

ಮೊದಲು ಅವಳು ಅದನ್ನು ಗಮನಕ್ಕೆ ತಂದುಕೊಳ್ಳಲಿಲ್ಲ. ಆಮೇಲೆ ಒಂದು ತೋಳು ಹೊಲಿಯುವಷ್ಟರಲ್ಲಿ ಬಲಗಾಲು ಸೋಲತೊಡಗಿತು. ಬಟ್ಟೆ ಕತ್ತರಿಸುವ ನೆಪದಲ್ಲಿ ಎದ್ದು ನಿಂತು, ಕಂಬ ಹಿಡಿದು ಕಾಲು ಸುಧಾರಿಸಿಕೊಂಡು ಮತ್ತೆ ಕೂರುತ್ತಿದ್ದಳು. ಯಾರಿಗೂ ಹೇಳಲಿಲ್ಲ. ಹೇಳಿದರೆ ಅದು ನಿಜವಾಗುತ್ತದೆ ಅನ್ನಿಸುತ್ತಿತ್ತು.

ಅವಳ ಅಕ್ಕ ದೊಡ್ಡಲಕ್ಷ್ಮಮ್ಮನಿಗೂ ಮೊದಲು ಸೋತದ್ದು ಬಲಗಾಲೇ. ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ಬದುವಿನ ಮೇಲೆ ಓಡಾಡುತ್ತಿದ್ದ ಹೆಂಗಸು ಕೋಲು ಹಿಡಿದಳು, ಆಮೇಲೆ ಗೋಡೆ, ಆಮೇಲೆ ಮಂಚ. ಕೈಗಳೂ ನಿಂತ ಮೇಲೆ ತುತ್ತು ಕಲಸಿ ಬಾಯಿಗಿಟ್ಟವಳು ಚಿಕ್ಕಲಕ್ಷ್ಮಮ್ಮ. ದೊಡ್ಡ ಆಸ್ಪತ್ರೆಯ ಡಾಕ್ಟರು, ಇದು ಕೆಲವು ಮನೆತನಗಳಲ್ಲಿ ಇಳಿದು ಬರುವ ಕಾಯಿಲೆ, ಒಡಹುಟ್ಟಿದವರನ್ನೂ ಒಮ್ಮೆ ಕರೆದುಕೊಂಡು ಬನ್ನಿ ಅಂದಿದ್ದರು. ಅಕ್ಕ ತೀರಿಹೋಗಿ ವರ್ಷಗಳಾದರೂ ತಂಗಿ ಆ ಕಡೆ ತಲೆಹಾಕಲಿಲ್ಲ.

ಮಿಷನ್ ಎಣ್ಣೆಯ ಬುಡ್ಡಿ ಬರಿದಾದಾಗ ಮಾಗಡಿಗೆ ಹೋಗಿ ತರಬೇಕಿತ್ತು. ಬಸ್ಸಿನ ಮೆಟ್ಟಿಲು ಹತ್ತುವುದನ್ನು ನೆನೆಸಿಕೊಂಡು ಅವಳು ಹೋಗಲಿಲ್ಲ. ಅವರ ಮನೆಯಲ್ಲಿ ಒಂದು ನಡವಳಿಕೆಯಿತ್ತು: ದೇವರ ದೀಪದಲ್ಲಿ ಉಳಿದ ಹರಳೆಣ್ಣೆಯನ್ನು ಚೆಲ್ಲುವಂತಿಲ್ಲ. ಬೆಳಿಗ್ಗೆ ಅದನ್ನು ಬಟ್ಟಲಿಗೆ ಬಸಿದು, ನೆತ್ತಿಗೋ ನೋಯುವ ಕೀಲಿಗೋ ಹಚ್ಚಿಕೊಳ್ಳಬೇಕು. ಚಿಕ್ಕಲಕ್ಷ್ಮಮ್ಮ ಬಾಗಿಲು ಹಾಕಿಕೊಂಡು ಆ ಎಣ್ಣೆಯನ್ನು ಮೊಣಕಾಲಿನಿಂದ ಪಾದದವರೆಗೆ ನೀವಿಕೊಂಡಳು. ಮಿಕ್ಕಿದ್ದನ್ನು ಮಿಷನ್ನಿನ ತೂತುಗಳಿಗೆ ಬಿಟ್ಟಳು. ಕಾಲಿಗೆ ಆಗುವುದು ಕಬ್ಬಿಣಕ್ಕೆ ಆಗದೆ ಹೋಗುತ್ತದೆಯೇ?

ಮರುದಿನ ಪೆಡಲ್ ಒಂಚೂರು ಹಗುರಾದಂತೆ ತೋರಿತು. ಆಮೇಲೆ ಮೊದಲಿಗಿಂತ ಭಾರವಾಯಿತು. ಅವಳು ಇನ್ನಷ್ಟು ಬಿಟ್ಟಳು, ಇನ್ನಷ್ಟು ನೀವಿಕೊಂಡಳು. ಭಾರ ಏರುತ್ತಲೇ ಹೋಯಿತು. ದಾರಿಯಲ್ಲಿ ಹೋಗುವವರು ಮಾತು ಎಸೆದರೆ ಈಗ ಅವಳಿಂದ ಉತ್ತರ ಬರುತ್ತಿರಲಿಲ್ಲ. ಎಲ್ಲ ಗಮನವನ್ನೂ ಆ ಒಂದು ಕಾಲಿಗೆ ಇಳಿಸಿ ಕೂತಿರುತ್ತಿದ್ದಳು.

ಮಗ ಅನಂತರಾಜು ಬಿಡದಿಯ ಕಾರ್ಖಾನೆಗೆ ಹೋಗಿದ್ದ ಒಂದು ಮಧ್ಯಾಹ್ನ, ಸೊಸೆ ಸೌಮ್ಯ ದಿಂಬಿನ ಚೀಲದ ಅಂಚು ಹೊಡೆಯಲು ಮಿಷನ್ ಮುಂದೆ ಕೂತಳು.

"ಅತ್ತೇ, ಇದೇನು ಮಿಷನ್ನಾ, ಗಾಣಾನಾ? ಎತ್ತು ಕಟ್ಬೇಕು ಇದ್ಕೆ!"

ಒಳಗೆ ಹುರುಳಿ ಆರಿಸುತ್ತಿದ್ದ ಚಿಕ್ಕಲಕ್ಷ್ಮಮ್ಮನ ಕೈ ನಿಂತಿತು. "ಏನಂದೆ?"

"ತುಳಿಯಕ್ಕೇ ಆಯ್ತಿಲ್ಲ. ಕೈಲಿ ತಿರುಗ್ಸಿದ್ರೂ ಚಕ್ರ ಬರ್ವಲ್ದು, ನೋಡಿ ಬೇಕಾರೆ."

ಚಿಕ್ಕಲಕ್ಷ್ಮಮ್ಮ ಹೊರಗೆ ಬಂದು ನೋಡಿದಳು. ಗಟ್ಟಿಮುಟ್ಟಾದ ಇಪ್ಪತ್ತಾರರ ಹುಡುಗಿ ಎರಡೂ ಕೈ ಹಾಕಿ ಜಗ್ಗುತ್ತಿದ್ದಳು. ಚಕ್ರ ಕೊಸರಾಡಿಕೊಂಡು ಅಷ್ಟಷ್ಟೇ ಅಲುಗುತ್ತಿತ್ತು.

"ಅಂಗಾರೆ ಕೆಟ್ಟಿರೋದು ಮಿಷನ್ನು!" ಎಂದಳು ಚಿಕ್ಕಲಕ್ಷ್ಮಮ್ಮ. ಎಂದವಳೇ ನಕ್ಕಳು. ಕೆಟ್ಟ ಮಿಷನ್ ಕಂಡು ಅತ್ತೆ ಹಾಗೆ ನಗುವುದು ಸೌಮ್ಯಳಿಗೆ ಅರ್ಥವಾಗಲಿಲ್ಲ. "ಮಾಗಡಿ ಹಬೀಬಣ್ಣಂಗೆ ಒಂದು ಫೋನ್ ಮಾಡವ್ವ, ನಾಳೀಕೇ ಬರ್ಲಿ."

ಆ ಸಂಜೆ ಅವಳು ಹುರುಳಿ ಬಸ್ಸಾರು ಮಾಡಿ, ಒಂದು ಮುದ್ದೆ ಹೆಚ್ಚಿಗೆ ಉಂಡಳು.

ಹಬೀಬ್ ಮೊಪೆಡ್ಡಿನ ಮೇಲೆ ತಗಡಿನ ಪೆಟ್ಟಿಗೆ ಇಟ್ಟುಕೊಂಡು ಬಂದ. ಹೊಸದರಲ್ಲಿ ಆ ಮಿಷನ್ ಜೋಡಿಸಿಕೊಟ್ಟವನೇ ಅವನು. ಮಿಷನ್ನಿನ ತಲೆಯನ್ನು ಹಿಂದಕ್ಕೆ ಮಗುಚಿ ಮೂಸಿ ನೋಡಿದ.

"ಏನಕ್ಕಾ, ಮಿಷನ್‌ಗೆ ಬಾಣಂತನ ಮಾಡ್ಬುಟ್ಟಿದ್ದೀಯ? ಅಳ್ಳೆಣ್ಣೆ ಗಮಲು ಮಾಗಡಿಗಂಟ ಬತ್ತಾ ಐತೆ!"

"ದೇವ್ರ ದೀಪದ್ದು ಕಣಣ್ಣ. ಚೆಲ್ಬಾರ್ದು."

"ದೀಪ ಉರೀಲಿ ಅಂತಲ್ವಾ ದೇವ್ರು ಅದನ್ನ ಕೊಟ್ಟಿರೋದು? ಮಿಷನ್ಗೆ ಹಾಕಿದ್ರೆ ಧೂಳು, ನೂಲು ಎಲ್ಲಾ ಸೇರ್ಕಂಡು ಗೋಂದಾಯ್ತದೆ. ನೋಡಿಲ್ಲಿ."

ಕೀಲುಗಳಲ್ಲಿ ಕಂದು ಮೇಣ ಕಟ್ಟಿತ್ತು. ಸೌಮ್ಯ ಕಿಸಕ್ಕನೆ ನಕ್ಕಳು. ಚಿಕ್ಕಲಕ್ಷ್ಮಮ್ಮನೂ ನಕ್ಕಳು, ಬೈಸಿಕೊಳ್ಳುವುದು ಇಷ್ಟು ಹಿತವಾಗಿರುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ.

ಹಬೀಬ್ ಕೀಲುಕೀಲಿಗೂ ಸೀಮೆಎಣ್ಣೆ ಬಿಟ್ಟು ನೆನೆಯಲು ಬಿಟ್ಟ. ಹಲ್ಲುಜ್ಜುವ ಹಳೇ ಬ್ರಷ್ಷಿನಿಂದ ಮೇಣ ಉಜ್ಜಿ ತೆಗೆದ. ಬಾಬಿನ್ ಕೂರುವ ಗೂಡಿನಿಂದ ನೂಲಿನ ಕಸ ಎಳೆದ. ಎಲ್ಲವನ್ನೂ ಒಣಬಟ್ಟೆಯಲ್ಲಿ ಒರೆಸಿ, ತೂತಿಗೊಂದೊಂದೇ ತೊಟ್ಟು ತೆಳ್ಳನೆಯ ಮಿಷನ್ ಎಣ್ಣೆ ಇಳಿಸಿದ. ಪೆಡಲಿನ ಕೀಲುಗಳನ್ನೂ ಬಿಡಲಿಲ್ಲ. ಕೊನೆಗೆ ಚಕ್ರಕ್ಕೆ ಒಂದು ಬೆರಳು ಮುಟ್ಟಿಸಿದ. ಅದು ಸದ್ದಿಲ್ಲದೆ ತಿರುಗಿತು, ಬೆರಳು ತೆಗೆದ ಮೇಲೂ ತಿರುಗುತ್ತಲೇ ಇತ್ತು.

"ಕೂತ್ಕೊ ಅಕ್ಕ. ಮೊದ್ಲು ಚಿಂದಿ ಬಟ್ಟೆ ಮೇಲೆ ಹೊಲಿ, ಎಣ್ಣೆ ಕಲೆ ಬುಟ್ಟಾತು."

ಚಿಕ್ಕಲಕ್ಷ್ಮಮ್ಮ ಸೆರಗು ಸಿಕ್ಕಿಸಿಕೊಂಡು ಕೂತಳು. ಚಕ್ರ ತಟ್ಟಿ, ಪೆಡಲ್ ಒತ್ತಿದಳು. ಸೂಜಿ ನಾಲ್ಕು ಹೊಲಿಗೆ ಇಳಿಯಿತು. ಚಕ್ರ ತಡವರಿಸಿ, ಹಿಂದಕ್ಕೆ ತಿರುಗಿತು. ದಾರ ತುಂಡಾಯಿತು.

ಅದು ಹೊಲಿಗೆ ಕಲಿಯಲು ಬರುವ ಹುಡುಗಿಯರ ತಪ್ಪು. ಹಿಮ್ಮಡಿಯ ಒತ್ತು, ಕಾಲ್ಬೆರಳಿನ ಒತ್ತು ಒಂದರ ಹಿಂದೊಂದು ಬರದಿದ್ದರೆ ಚಕ್ರ ಹಿಂದೆ ಹೋಗುತ್ತದೆ. ಎಷ್ಟೋ ಹುಡುಗಿಯರನ್ನು ಅವಳೇ ಇದಕ್ಕಾಗಿ ಗದರಿಸಿದ್ದಳು.

"ಹಗುರಾಗೈತಲ್ಲ, ಕಾಲು ಒಗ್ಗಬೇಕು," ಎಂದು ಹಬೀಬ್ ದಾರ ಪೋಣಿಸಿಕೊಟ್ಟ.

ಎರಡನೇ ಸಲವೂ ಚಕ್ರ ಹಿಂದೆ ಹೋಯಿತು. ಮೂರನೆಯ ಸಲ ಅವಳು ಕೆಳಗೆ ಬಗ್ಗಿ ಕಾಲನ್ನೇ ನೋಡುತ್ತ ತುಳಿದಳು. ಎಡಗಾಲು ತನ್ನ ಕೆಲಸ ಮಾಡಿತು. ಬಲಪಾದ ತಡವಾಗಿ, ನಿದ್ದೆಯಿಂದ ಎದ್ದಂತೆ ಇಳಿಯಿತು. ಇಷ್ಟು ದಿನ ಮಿಷನ್ನಿನ ಭಾರ ಆ ತಡವನ್ನು ನುಂಗಿಕೊಂಡಿತ್ತು. ಈಗ ನುಂಗುವುದಕ್ಕೆ ಏನೂ ಉಳಿದಿರಲಿಲ್ಲ.

ಹಬೀಬ್ ನಗು ನಿಲ್ಲಿಸಿದ್ದ. "ಬೇಕಾರೆ ಒಂದು ಮೋಟ್ರು ಕೂರುಸ್ಬುಡ್ಲಾ ಅಕ್ಕಾ?" ಎಂದ ಮೆಲ್ಲಗೆ.

"ಅದನ್ನೂ ಕಾಲಲ್ಲೇ ಅಲ್ವಾ ಅದುಮೋದು," ಎಂದಳು ಚಿಕ್ಕಲಕ್ಷ್ಮಮ್ಮ. ಮಿಷನ್ನಿನ ಹಲಗೆ ಹಿಡಿದು ಎದ್ದು, ಪಕ್ಕಕ್ಕೆ ಸರಿದು ನಿಂತಳು. "ಸೌಮ್ಯಾ, ಒಸಿ ನೀನು ಹೊಲಿ, ನೋಡವಾ."

ಸೌಮ್ಯ ಕೂತು ಚಕ್ರ ತಟ್ಟಿದಳು. ಮಿಷನ್ ನೀರು ಹರಿದಂತೆ ಓಡಿತು. ಚಿಂದಿಯ ಮೇಲೆ ಹೊಲಿಗೆ ಗೆರೆ ಎಳೆದಷ್ಟು ನೇರವಾಗಿ ಬಂತು. "ಅಬ್ಬಾ, ಹೂವಿನಂಗಾಗೈತೆ ಅತ್ತೆ!" ಎಂದು ಅವಳು ಮೇಲೆ ನೋಡಿದಳು.

ಚಿಕ್ಕಲಕ್ಷ್ಮಮ್ಮ ಆ ಹೊಲಿಗೆಯ ಮೇಲೆ ಹೆಬ್ಬೆರಳಾಡಿಸಿ ನೋಡಿದಳು. ಎಲ್ಲಿಯೂ ಗಂಟಿರಲಿಲ್ಲ, ಸಡಿಲವಿರಲಿಲ್ಲ.

"ರಾಜುಗೆ ಹೇಳು, ನಾಳೀಕೆ ರಜಾ ಹಾಕ್ಲಿ. ಅಕ್ಕನ್ನ ತೋರ್ಸಿದ್ವಲ್ಲ, ಆ ಆಸ್ಪತ್ರೆಗೆ ಹೋಗ್ಬೇಕು."

"ಯಾಕತ್ತೆ, ಏನಾಯ್ತು?"

"ಮಿಷನ್ನಲ್ಲಿ ಏನೂ ಕೆಟ್ಟಿಲ್ವಲ್ಲವ್ವ," ಎಂದಳು ಚಿಕ್ಕಲಕ್ಷ್ಮಮ್ಮ.

ಸೌಮ್ಯಳ ಕಾಲು ಪೆಡಲಿನ ಮೇಲೆ ನಿಂತಿತು.