ಹಿಮ್ಮುಖವಾಗಿ ಇಳಿಯುತ್ತಿದ್ದ ಖಾಲಾ

ಖಾಲಾ ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿಯುತ್ತಿದ್ದರು. ಬಾವಿಗೆ ಇಳಿಯುವವರು ಏಣಿಯ ಮೇಲೆ ಹೇಗೆ ಇಳಿಯುತ್ತಾರೋ ಹಾಗೆ: ಮುಖ ಮೇಲಿನ ಮಹಡಿಯ ಕಡೆಗೆ, ಎರಡೂ ಕೈ ಕಂಬಿಯ ಮೇಲೆ, ಮೊದಲು ಎಡಗಾಲು ಒಂದು ಮೆಟ್ಟಿಲು ಕೆಳಕ್ಕೆ, ಅದು ಊರಿತು ಎಂದು ಖಾತ್ರಿಯಾದ ಮೇಲೆ ಬಲಗಾಲು ಅದರ ಪಕ್ಕಕ್ಕೆ. ಕಂಕುಳಲ್ಲಿ ಒತ್ತಿ ಹಿಡಿದ ನೋಟಿಸು ಪುಸ್ತಕ. ತಲೆಯ ಮೇಲಿನ ಸೆರಗು ಜಾರಿದರೆ ಹಲ್ಲಿನಲ್ಲಿ ಕಚ್ಚಿಕೊಳ್ಳುತ್ತಿದ್ದರೇ ಹೊರತು ಕಂಬಿ ಬಿಡುತ್ತಿರಲಿಲ್ಲ. ಕೆಳಗಿನಿಂದ ಹತ್ತಿ ಬರುವ ಹುಡುಗಿಯರು ಗೋಡೆಗೆ ಒತ್ತಿಕೊಂಡು ದಾರಿ ಬಿಡುತ್ತಿದ್ದರು.

"ಸರೀರಿ ಸರೀರಿ, ಖಾಲಾ ರಿವರ್ಸ್ ಬರಾಕತ್ತಾರ" ಎಂದು ಒಬ್ಬಳು ಕೂಗಿದರೆ ಖಾಲಾ ತಿರುಗಿ ನೋಡದೆಯೇ, "ಹಿಂದಿನ ಗಾಲಿಗೆ ಸಿಕ್ಕೀರಿ ನಮ್ಮವ್ವಾ, ಆಮ್ಯಾಲೆ ನನಗ ಅನಬ್ಯಾಡ್ರಿ" ಎನ್ನುತ್ತಿದ್ದರು.

ಇಷ್ಟು ನನಗೆ ಖಚಿತವಾಗಿ ನೆನಪಿದೆ. ಉಳಿದದ್ದರ ಬಗ್ಗೆ ಅಷ್ಟು ಧೈರ್ಯವಿಲ್ಲ. ಆ ಮೆಟ್ಟಿಲುಗಳು ಐವತ್ನಾಲ್ಕು ಎಂದು ಇಷ್ಟು ವರ್ಷ ಹೇಳಿಕೊಂಡು ಬಂದವನು ನಾನು. ಕಳೆದ ತಿಂಗಳು ಹೋಗಿ ಎಣಿಸಿದರೆ ನಲವತ್ತೆಂಟು. ಆರು ಮೆಟ್ಟಿಲುಗಳನ್ನು ನನ್ನ ತಲೆ ಎಲ್ಲಿಂದ ಕಟ್ಟಿಕೊಂಡಿತೋ ತಿಳಿಯದು.

ಸಿಂದಗಿಯ ಒಂದು ಖಾಸಗಿ ಪದವಿ ಕಾಲೇಜು ಅದು. ಧಾರವಾಡದಲ್ಲಿ ಎಂ.ಎ. ಮುಗಿಸಿ ಊರು ಬಸವನ ಬಾಗೇವಾಡಿಯಿಂದ ಒಂದು ಟ್ರಂಕು ತುಂಬ ಪುಸ್ತಕ ಹೊತ್ತು ಅಲ್ಲಿಗೆ ಬಂದಾಗ ನನ್ನ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಕಲಿಸುತ್ತಿದ್ದುದು ಸಮಾಜಶಾಸ್ತ್ರ. ಖಾಲಾ ಅಲ್ಲಿ ಸಿಪಾಯಿ, ಎಂದರೆ ಜವಾನರ ಕೆಲಸ. ಅವರ ಗಂಡ ಅದೇ ಕಾಲೇಜಿನಲ್ಲಿ ಸಿಪಾಯಿಯಾಗಿದ್ದು ತೀರಿಕೊಂಡ ಮೇಲೆ ಆ ಜಾಗ ಇವರಿಗೆ ಬಂದಿತ್ತು. ದಿನಾ ಮೋರಟಗಿಯಿಂದ ಮೊದಲ ಬಸ್ಸಿಗೆ ಬರುತ್ತಿದ್ದರು. ಉರ್ದುವಿನಲ್ಲಿ ಚಿಕ್ಕಮ್ಮನನ್ನು ಕರೆಯುವ ಆ ಹೆಸರಿನಿಂದ ಪ್ರಾಚಾರ್ಯರಿಂದ ಹಿಡಿದು ಚಹಾದಂಗಡಿಯವನವರೆಗೆ ಎಲ್ಲರೂ ಅವರನ್ನು ಕರೆಯುತ್ತಿದ್ದರು. ಚಿಕ್ಕಮ್ಮನನ್ನು ಯಾರೂ ಅಷ್ಟು ಸಲ ಮೇಲೆ ಕೆಳಗೆ ಓಡಾಡಿಸುವುದಿಲ್ಲ ಎಂಬುದು ಬೇರೆ ಮಾತು.

ಓಡಾಟಕ್ಕೆ ಕಾರಣ ನೋಟಿಸು ಪುಸ್ತಕ. ಆಫೀಸು ನೆಲಮಹಡಿಯಲ್ಲಿ, ನಾವು ಅಧ್ಯಾಪಕರು ಕೂರುವ ಕೋಣೆ ಎರಡನೆಯ ಮಹಡಿಯಲ್ಲಿ. ಪ್ರಾಚಾರ್ಯರು ಯಾವ ಸಣ್ಣ ಸೂಚನೆಯನ್ನೂ ಬಾಯಲ್ಲಿ ಹೇಳುತ್ತಿರಲಿಲ್ಲ. ಪುಸ್ತಕದಲ್ಲಿ ಬರೆಸಿ ಕಳಿಸುವರು, ಪ್ರತಿಯೊಬ್ಬರೂ ಅಂದೇ ಸಹಿ ಮಾಡಬೇಕು. ನಾವು ಅಧ್ಯಾಪಕರ ರಿವಾಜು ಇನ್ನೊಂದು. ತಂದ ಕೂಡಲೇ ಸಹಿ ಮಾಡುವುದು ಅಧ್ಯಾಪಕನ ಘನತೆಗೆ ಕಡಿಮೆ. "ಆಮ್ಯಾಲೆ ಬರ್ರಿ ಖಾಲಾ" ಎನ್ನಬೇಕು. ಹಿರಿಯರು ಅನ್ನುತ್ತಿದ್ದರು, ಅವರನ್ನು ನೋಡಿ ನಾನೂ ಕಲಿತೆ. ಶೋಷಣೆಯ ಮೇಲೆ ಪಾಠ ಮಾಡುತ್ತ, ಬಾಗಿಲಲ್ಲಿ ಪುಸ್ತಕ ಹಿಡಿದು ನಿಂತ ಹೆಂಗಸಿಗೆ ಕೈಸನ್ನೆಯಲ್ಲೇ 'ಆಮೇಲೆ' ಎಂದು ಹೇಳಿದ ದಿನಗಳು ಎಷ್ಟೋ ಇವೆ.

ಆ ಪುಸ್ತಕದಿಂದಲೇ ಅವರು ನನ್ನನ್ನು ಒಮ್ಮೆ ಉಳಿಸಿದ್ದರು. ನನ್ನ ಮೊದಲ ವಾರ. ಬಿ.ಎ. ಕೊನೆಯ ವರ್ಷದ ತರಗತಿ. ಪಾಠದ ಎಳೆ ತಪ್ಪಿ ಹೇಳಿದ್ದನ್ನೇ ಮತ್ತೆ ಹೇಳಿದೆ, ಹುಡುಗರು ಬೆಂಚು ಬಡಿಯಲು ಶುರು ಮಾಡಿದರು. ಸದ್ದು ಕೆಳಗೆ ಕೇಳಿರಬೇಕು. ಸ್ವಲ್ಪ ಹೊತ್ತಿಗೆ ಖಾಲಾ ಬಾಗಿಲಲ್ಲಿ ನಿಂತು, "ಸಾಹೇಬರು ಅರ್ಜಂಟ್ ನೋಟಿಸ್ ಕಳಿಸ್ಯಾರ್ರಿ" ಎಂದು ಗಟ್ಟಿಯಾಗಿ ಹೇಳಿ ಒಳಗೆ ಬಂದರು. ತರಗತಿ ಸುಮ್ಮನಾಯಿತು. ಪುಸ್ತಕ ತೆರೆದರೆ ಖಾಲಿ ಹಾಳೆ. ನಾನು ಅವರ ಮುಖ ನೋಡಿದೆ.

"ಓದಿದಂಗ ಮಾಡ್ರಿ ಸರ್" ಎಂದು ಮೆಲ್ಲಗೆ ಅಂದರು. "ಉಸರು ತಗೋರಿ. ಇವರೇನು ಹುಲಿ ಅಲ್ಲ, ನಾಷ್ಟಾ ಮಾಡದ ಬಂದಾವ, ಅದಕ್ಕ ಒದರತಾವ."

ಖಾಲಿ ಹಾಳೆಗೆ ಸಹಿ ಮಾಡಿದೆ. ಪಾಠ ಮುಂದುವರಿಯಿತು. ಅದಕ್ಕಾಗಿ ಅವರು ಎರಡು ಮಹಡಿ ಹತ್ತಿ ಬಂದಿದ್ದರು, ಮತ್ತೆ ಇಳಿಯಬೇಕಿತ್ತು. ಆಗ ಅದು ಹೊಳೆಯಲಿಲ್ಲ.

ಎರಡನೆಯ ವರ್ಷ ಕಾಲೇಜಿನಲ್ಲಿ ಆರೋಗ್ಯದ ಗಾಳಿ ಬೀಸಿತು. ದೈಹಿಕ ಶಿಕ್ಷಣದ ಅಧ್ಯಾಪಕ, ಇಂಡಿ ಊರಿನವನು, ನನ್ನ ಜೊತೆ ರೂಮು ಹಂಚಿಕೊಂಡಿದ್ದ ಗೆಳೆಯ, ವ್ಯಾಯಾಮದ ಸಾಮಾನು ಬೇಕೆಂದು ಕೇಳಿದ. ಪ್ರಾಚಾರ್ಯರು ಕಿಟಕಿಯ ಹೊರಗೆ ಕೈ ತೋರಿಸಿ, "ಅಷ್ಟು ಮೆಟ್ಟಿಲು ಅದಾವಲ್ಲ, ಅವು ಸಾಲೂದಿಲ್ಲೇನು?" ಎಂದರಂತೆ. ಗೆಳೆಯ ನಗುತ್ತ ಬಂದು ನನಗೆ ಹೇಳಿದ. ನಾನು ನಗಲಿಲ್ಲ. ಕಾಲೇಜಿನ ವಾರ್ಷಿಕ ಸಂಚಿಕೆಗೆ ನಾನೇ ಸಂಪಾದಕ, ಒಂದು ಲೇಖನದ ಜಾಗ ಖಾಲಿ ಇತ್ತು, ಪ್ರಾಚಾರ್ಯರ ಮಾತನ್ನೇ ಲೇಖನ ಮಾಡಿದರೆ ಅವರಿಗೆ ಖುಷಿಯಾಗುತ್ತದೆ ಎಂಬ ಲೆಕ್ಕವೂ ಇತ್ತು.

'ಕಾಸಿಲ್ಲದ ಕಸರತ್ತು' ಎಂದು ಹೆಸರಿಟ್ಟೆ. ಮೆಟ್ಟಿಲು ಹತ್ತಲು ಯಂತ್ರ ಬೇಡ, ಬೂಟು ಬೇಡ, ಬೇರೆ ಹೊತ್ತು ಬೇಡ. ತೊಡೆಗೆ ಬಲ, ಎದೆಗೆ ದಮ್ಮು ಎಂದೆಲ್ಲ ಬರೆದೆ. ಒಂದು ಜೀವಂತ ಉದಾಹರಣೆ ಬೇಕಾಗಿತ್ತು. ಮೆಟ್ಟಿಲಿನ ತಿರುವಿನಲ್ಲಿ ಖಾಲಾರನ್ನು ನಿಲ್ಲಿಸಿಕೊಂಡೆ.

"ಖಾಲಾ, ದಿನಾ ಎಷ್ಟು ಸಲ ಹತ್ತತೀರಿ?"

"ಯಾರು ಎಣಿಸ್ಯಾರ್ರಿ? ನೀವು ಸಹಿ ಮಾಡೂತನಕ."

"ಬಿ.ಪಿ., ಸಕ್ಕರಿ ಏನರ ಅದಾವೇನ್ರಿ?"

"ಅವು ದೊಡ್ಡವರ ಮನಿಗೆ ಹೋಗೋ ಬೀಗರು. ನಮ್ಮ ಮನ್ಯಾಗ ಕುಂದ್ರಸಾಕ ಕುರ್ಚಿ ಇಲ್ಲ ಅಂತ ಬಂದಿಲ್ರಿ."

ಇದು ಸಂಚಿಕೆಗೆ ಎಷ್ಟು ಚೆನ್ನಾಗಿ ಒಪ್ಪುತ್ತದೆ ಎಂದು ಬರೆದುಕೊಂಡೆ. ಇನ್ನೊಂದು ಮಾತೂ ಅವರ ಬಾಯಿಂದ ಕೇಳಿದ್ದೇನೆ: "ಹತ್ತೂದು ಉಸರಿನ ಕೆಲಸ ಸರ್, ಇಳಿಯೂದು ಮೊಣಕಾಲಿನ ಕೆಲಸ. ನನ್ನ ಉಸರು ಐತಿ, ಮೊಣಕಾಲು ಹೋಗ್ಯಾವ." ಈ ಮಾತನ್ನು ಅಂದೇ ಹೇಳಿದರೋ, ಬಹಳ ದಿನಗಳ ನಂತರ ಹೇಳಿದರೋ? ಎಲ್ಲವೂ ನಿಂತಿರುವುದು ಈ ಪ್ರಶ್ನೆಯ ಮೇಲೆ. ನಂತರ ಹೇಳಿದ್ದರೆ ನಾನು ತಪ್ಪು ತಿಳಿದ ಒಬ್ಬ ಎಳೆಯ ಅಧ್ಯಾಪಕ. ಅಂದೇ ಹೇಳಿದ್ದರೆ ನಾನು ಬೇರೆ ಏನೋ. ನಂತರವೇ ಹೇಳಿದ್ದು ಎಂದು ನನ್ನ ನೆನಪು ಬಹಳ ವರ್ಷ ಸಾಕ್ಷಿ ನುಡಿಯಿತು. ಐವತ್ನಾಲ್ಕು ಮೆಟ್ಟಿಲು ಎಂದದ್ದೂ ಅದೇ ಸಾಕ್ಷಿ.

ಹಿಮ್ಮುಖವಾಗಿ ಇಳಿಯುವುದು ಅವರು ತಾವೇ ಕಂಡುಕೊಂಡ ವಿಶೇಷ ವಿಧಾನ, ಸಮತೋಲನಕ್ಕೆ ಬಹಳ ಒಳ್ಳೆಯದು ಎಂದು ಲೇಖನದಲ್ಲಿ ಬರೆದೆ. ಸಂಚಿಕೆ ಬಂದ ಮೇಲೆ ಇಂಡಿಯ ಗೆಳೆಯ ಹುಡುಗರನ್ನು ಸಾಲಾಗಿ ನಿಲ್ಲಿಸಿ ಹಿಮ್ಮುಖವಾಗಿ ಇಳಿಸಿದ. "ಖಾಲಾ ಸ್ಟೈಲ್!" ಎಂದು ಸೀಟಿ ಊದುತ್ತಿದ್ದ. ನೋವಿಗೆ ಹೆದರಿ ಇಳಿಯುವ ಹೆಜ್ಜೆಯನ್ನು ಇಡೀ ಕಾಲೇಜು ಕಸರತ್ತು ಎಂದು ಕಲಿಯಿತು. ಪ್ರಾಚಾರ್ಯರು ಆ ಪುಟಕ್ಕೆ ಗಾಜು ಹಾಕಿಸಿ ಮೆಟ್ಟಿಲಿನ ಬುಡದಲ್ಲಿ ತೂಗುಹಾಕಿಸಿದರು.

"ಕನ್ನಡಕ ಬಿಟ್ಟು ಬಂದೇನ್ರಿ, ಓದ್ರಿ" ಎಂದು ಖಾಲಾ ಒಂದು ದಿನ ನನ್ನನ್ನು ಅದರ ಮುಂದೆ ನಿಲ್ಲಿಸಿದರು. ಓದಿದೆ. ನಡುನಡುವೆ ನಕ್ಕರು. "ಈ ಹೆಣ್ಮಗಳು ಯಾರ್ರಿ ಸರ್? ಭಾಳ ಗಟ್ಟಿ ಅದಾಳ!" ಎಂದರು. ಮುಗಿದ ಮೇಲೆ ಸ್ವಲ್ಪ ಹೊತ್ತು ಕಾದು, "ಅಷ್ಟಽ ಏನ್ರಿ?" ಎಂದು ಕೇಳಿದರು. ಇನ್ನಷ್ಟು ಹೊಗಳಿಕೆ ಬೇಕಿತ್ತೇನೋ ಎಂದುಕೊಂಡು ನಾನು ಒಳಗೊಳಗೇ ನಕ್ಕಿದ್ದು ನೆನಪಿದೆ. ಇಂಥವನ್ನು ಮಾತ್ರ ನೆನಪು ಮರೆಯುವುದಿಲ್ಲ.

ಮರುವರ್ಷ ಗ್ರಂಥಾಲಯದ ಸಿಪಾಯಿ ನಿವೃತ್ತನಾದ. ಗ್ರಂಥಾಲಯ ನೆಲಮಹಡಿಯಲ್ಲಿತ್ತು. ಖಾಲಾರ ನೌಕರಿ ಇನ್ನು ಮೂರು ವರ್ಷ ಉಳಿದಿತ್ತು. ಮೆಟ್ಟಿಲು ಹತ್ತಿಳಿಯಲು ಆಗುವುದಿಲ್ಲ, ಮೊಣಕಾಲಿಗೆ ಬಾವು ಬರುತ್ತದೆ, ಕೆಳಗಿನ ಆ ಜಾಗ ಕೊಟ್ಟರೆ ಮೂರು ವರ್ಷ ಹೇಗೋ ತಳ್ಳುತ್ತೇನೆ ಎಂದು ಯಾರಿಂದಲೋ ಅರ್ಜಿ ಬರೆಸಿ ಕೊಟ್ಟರು. ಪ್ರಾಚಾರ್ಯರು ನನ್ನನ್ನು ಕರೆಸಿದರು. ಖಾಲಾ ಮೂಲೆಯಲ್ಲಿ ಗೋಡೆಗೆ ಒರಗಿ ನಿಂತಿದ್ದರು.

"ಏನ್ರಿ ಸಂಪಾದಕರ, ನಿಮ್ಮ ಖಾಲಾ ಮೊಣಕಾಲು ನೋವು ಅಂತಾಳ. ನೀವು ನೋಡಿದ್ರ ಆಕಿ ಹುಲಿ ಇದ್ದಂಗ ಅದಾಳ ಅಂತ ಬರದೀರಿ. ಯಾವುದು ಖರೆ?"

ನನ್ನ ಕೆಲಸ ಖಾಯಂ ಮಾಡುವ ಕಾಗದ ಅದೇ ತಿಂಗಳು ಅವರ ಮೇಜಿನ ಮೇಲಿತ್ತು. ಅದೇ ತಿಂಗಳೋ, ಹಿಂದುಮುಂದಿನದೋ, ಹೆಚ್ಚು ವ್ಯತ್ಯಾಸವಿಲ್ಲ.

"ನಾ ಬರದಾಗ ಆರಾಮ ಇದ್ರು ಸರ್" ಎಂದೆ.

ಖಾಲಾ ನನ್ನ ಕಡೆ ನೋಡಲಿಲ್ಲ. "ಕೇಳಿದಿ? ಓದಿದವರು ಹೇಳತಾರ" ಎಂದರು ಪ್ರಾಚಾರ್ಯರು. ಗ್ರಂಥಾಲಯದ ಜಾಗ ಆಡಳಿತ ಮಂಡಳಿಯವರೊಬ್ಬರ ಕಡೆಯವನಿಗೆ ಹೋಯಿತು. ಅವನು ಕಬಡ್ಡಿ ಆಡುತ್ತಿದ್ದ.

ಎರಡು ದಿನ ಬಿಟ್ಟು ಖಾಲಾ ಮೆಟ್ಟಿಲಿನ ತಿರುವಿನಲ್ಲಿ ನನಗಾಗಿ ಕಾದಿದ್ದರು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಒಳ್ಳೆಯದಿತ್ತು.

"ಸರ್, ನಾ ಹೇಳಿದ್ದು ಇವರು ನಂಬೂದಿಲ್ಲ. ನೀವು ಬರದದ್ದು ನಂಬತಾರ. ಇನ್ನೊಂದು ಸಲ ಬರೀರಿ. ಹತ್ತತಾಳ ಖರೆ, ಇಳಿಯಾಕ ಆಗೂದಿಲ್ಲ ಅಂತ ಬರೀರಿ. ಎರಡು ಸಾಲು ಸಾಕು."

"ನೋಡೂಣ್ರಿ ಖಾಲಾ. ಮುಂದಿನ ಸಂಚಿಕೆ ಬರಲಿ."

"ಆತ್ರಿ. ನಿಮಗೂ ನಿಮ್ಮ ಕೆಲಸ ಇರತಾವ" ಎಂದು ಕಂಬಿ ಹಿಡಿದುಕೊಂಡು ತಿರುಗಿದರು.

ಮುಂದಿನ ಸಂಚಿಕೆಯ ಆ ಪುಟದಲ್ಲಿ ಆಲಮಟ್ಟಿ ಪ್ರವಾಸದ ವರದಿ ಹಾಕಿದೆ. ಅಷ್ಟರಲ್ಲಿ ನನ್ನ ಕೆಲಸ ಖಾಯಂ ಆಗಿತ್ತು. ಖಾಲಾ ನೋಟಿಸು ಪುಸ್ತಕವನ್ನು ಮೇಲೆ ಹೋಗುವ ಹುಡುಗಿಯರ ಕೈಯಲ್ಲಿ ಕೊಟ್ಟು ಕಳಿಸತೊಡಗಿದ್ದರು. ಅದು ಪ್ರಾಚಾರ್ಯರಿಗೆ ಗೊತ್ತಾಗಿ, ಕರ್ತವ್ಯಲೋಪಕ್ಕೆ ಕಾರಣ ಕೇಳಿ ಕಾಗದ ಕೊಟ್ಟರು. ಎರಡನೆಯ ಕಾಗದ ಬಂದ ದಿನ ಖಾಲಾ ರಾಜೀನಾಮೆ ಬರೆಸಿ ಕೊಟ್ಟು ಬಸ್ಸು ಹತ್ತಿದರು. ಬೀಳ್ಕೊಡುಗೆ ಆಗಲಿಲ್ಲ. ಪರೀಕ್ಷೆಯ ಗಡಿಬಿಡಿ ಇತ್ತು ಎಂದು ನನ್ನ ನೆನಪು ಹೇಳುತ್ತದೆ. ಇದನ್ನೂ ನಾನು ನಂಬುವುದಿಲ್ಲ.

ನಾನೀಗ ಮುದ್ದೇಬಿಹಾಳದಲ್ಲಿದ್ದೇನೆ, ಬೇರೆ ಕಾಲೇಜು. ಸಕ್ಕರೆ ಕಾಯಿಲೆ ಬಂದು ಡಾಕ್ಟರು ಹೇಳಿದ ಮೇಲೆ ದಿನಾ ಮೂರು ಮಹಡಿ ಹತ್ತುತ್ತೇನೆ. ಹೊಟ್ಟೆ ಕರಗಿದೆ, ನಿದ್ದೆ ಬರುತ್ತದೆ, ರಕ್ತಪರೀಕ್ಷೆಯ ಚೀಟಿ ನೋಡಿ ಡಾಕ್ಟರು ಬೆನ್ನು ತಟ್ಟಿದರು. ಲೇಖನವನ್ನು ಸುಳ್ಳು ಎಂದು ಹರಿದು ಹಾಕುವ ಸಮಾಧಾನವೂ ನನಗಿಲ್ಲ. ಅದರಲ್ಲಿ ಮೆಟ್ಟಿಲಿನ ಬಗ್ಗೆ ಬರೆದದ್ದೆಲ್ಲ ನಿಜ. ಖಾಲಾರ ಬಗ್ಗೆ ಬರೆದದ್ದು ಮಾತ್ರ ಸುಳ್ಳು. ಬೇಕೆನಿಸಿದಾಗ ಹತ್ತಿ, ಸಾಕೆನಿಸಿದಾಗ ನಿಲ್ಲುವವನಿಗೆ ಮೆಟ್ಟಿಲು ಕಸರತ್ತು. ಸಹಿಗಾಗಿ ಹತ್ತುವವರಿಗೆ ಅದು ಸಹಿ ಸಿಗುವ ತನಕ ಮುಗಿಯದ ಕೆಲಸ.

ಕಳೆದ ತಿಂಗಳು ಖಾಲಾ ತೀರಿಕೊಂಡರೆಂದು ಇಂಡಿಯ ಗೆಳೆಯ ಫೋನು ಮಾಡಿದ. ಮರುದಿನ ಮೋರಟಗಿಗೆ ಹೋದೆ. ಮಣ್ಣು ಮಾಡಿ ಆಗಿತ್ತು. ಮಗಳು ತಾಳಿಕೋಟೆಯಿಂದ ಬಂದಿದ್ದಳು. ನಾನು ಯಾರೆಂದು ಹೇಳಿದ ಮೇಲೆ ಚಹಾ ಕೊಟ್ಟು, "ನೀವಽ ಏನ್ರಿ ಮೆಟ್ಟಲಾ ಬರದ ಸರ್?" ಎಂದಳು.

"ಕಡೀಕ ಎರಡು ವರ್ಷ ನಮ್ಮವ್ವ ಮನ್ಯಾಗ ಕುಂತಲ್ಲೇ ಸರಕೋಂತ ಅಡ್ಡಾಡಿದ್ಲ್ರಿ. ನಿಂದ್ರಾಕ ಆಗತಿದ್ದಿಲ್ಲ."

"ಮೊಣಕಾಲು ನೋವು ಯಾವಾಗ ಸುರು ಆಗಿತ್ತವ್ವಾ?" ಎಂದು ಕೇಳಿದೆ. ಇಷ್ಟು ದೂರ ಬಂದದ್ದು ಈ ಒಂದು ಪ್ರಶ್ನೆಗೆ ಎಂಬುದು ಆಗ ನನಗೇ ತಿಳಿಯಿತು.

"ನಮ್ಮಪ್ಪ ಇದ್ದಾಗಿಂದ ಇತ್ರಿ. ಆಕಿ ಎಲ್ಲಾರ ಮುಂದೂ ಹೇಳತಿದ್ಲು. ನಿಮ್ಮ ಮುಂದ ಹೇಳಿರಲಿಲ್ಲೇನ್ರಿ?"

ನಾನು ಚಹಾ ಕುಡಿದೆ.

ಅಲ್ಲಿಂದ ನೇರ ಸಿಂದಗಿಗೆ ಹೋದೆ. ಹಳೆಯ ಕಾಲೇಜಿನ ಗ್ರಂಥಾಲಯದಲ್ಲಿ ಆ ವರ್ಷದ ಸಂಚಿಕೆ ತೆಗೆಸಿದೆ. ನನ್ನ ಲೇಖನದ ಕೊನೆಯ ಸಾಲು ಹೀಗಿತ್ತು: "ಹತ್ತುವುದು ಉಸಿರಿನ ಕೆಲಸ ಎನ್ನುತ್ತಾರೆ ನಮ್ಮ ಖಾಲಾ." ಅಲ್ಲಿಗೆ ಪೂರ್ಣವಿರಾಮ. ಅವರು ಹೇಳಿದ ಮಾತಿನ ಮೊದಲರ್ಧ. ಮೊದಲರ್ಧ ಅಲ್ಲಿದೆ ಎಂದರೆ ಉಳಿದರ್ಧವನ್ನೂ ಅವರು ಅಂದೇ ಹೇಳಿದ್ದರು. ಗಾಜಿನ ಮುಂದೆ ನಿಂತು ಅವರು ಕಾದದ್ದು ಅದಕ್ಕೆ. ಜಾಗ ಸಾಲದೆ ಬಿಟ್ಟಿರಬಹುದೇ ಎಂದು ನೋಡಿದೆ. ಸಾಲಿನ ಕೆಳಗೆ ಎರಡು ಬೆರಳು ಜಾಗ ಖಾಲಿ ಉಳಿದಿತ್ತು. ಅಲ್ಲೊಂದು ಹೂವಿನ ಚಿತ್ರ ಹಾಕಿಸಿದ್ದೆ.

ಗಾಜು ಹಾಕಿದ ಪುಟ ಈಗಲೂ ಅಲ್ಲೇ ತೂಗುತ್ತಿದೆ. ಅದನ್ನು ತೆಗೆಸಿ, ಇಲ್ಲವೇ ಈ ವರ್ಷದ ಸಂಚಿಕೆಯಲ್ಲಿ ಒಂದು ತಿದ್ದುಪಡಿ ಹಾಕಿ ಎಂದು ಈಗಿನ ಪ್ರಾಚಾರ್ಯರನ್ನು ಕೇಳಿದೆ. ಒಳ್ಳೆಯ ಮನುಷ್ಯ, ಚಹಾ ತರಿಸಿದರು. "ಇರಲಿ ಬಿಡ್ರಿ ಸರ್. ಆಕಿ ಈಗ ಇಲ್ಲ. ಹುಡುಗರಿಗೆ ಚಲೋ ಸಂದೇಶ ಐತಿ" ಎಂದರು.

ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಅವರು ಕೇಳಿದ್ದು ಎರಡೇ ಸಾಲು. ಖಾಲಾ ಮೆಟ್ಟಿಲು ಹತ್ತುತ್ತಿದ್ದರು, ಇಳಿಯಲು ಅವರಿಗೆ ಆಗುತ್ತಿರಲಿಲ್ಲ. ಅದು ನನಗೆ ಗೊತ್ತಿತ್ತು.